ಹಿಡಿತ ಬದಲಿಸಿದೆ, ನೋವು ಜಾಗ ಬದಲಿಸಿತು: ರಿದಮ್ ಗೇಮ್ ಕಂಟ್ರೋಲರ್ ಬಗ್ಗೆ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: “ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಕೈಯ ಕಂಟ್ರೋಲರ್‌ಗಳನ್ನೇ ಕತ್ತಿಯಂತೆ ಬೀಸಿ, ಹಾಡಿನ ತಾಳಕ್ಕೆ ಎದುರು ಬರುವ ಬ್ಲಾಕ್‌ಗಳನ್ನು ಕಡಿಯುವ ಬೀಟ್ ಸೇಬರ್ ಆಟವನ್ನು ಎರಡು ವರ್ಷಗಳಿಂದ ಆಡುತ್ತಿದ್ದೇನೆ, ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಮೊದಲು ಕ್ವೆಸ್ಟ್ 2 ಹೆಡ್‌ಸೆಟ್ ಇತ್ತು, ಮೂರು ತಿಂಗಳ ಹಿಂದೆ ಕ್ವೆಸ್ಟ್ 3 ಕೊಂಡೆ. ಹಳೆಯದರಲ್ಲಿ ಆಡುವಾಗಲೇ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ನೋವು ಶುರುವಾಗಿತ್ತು. ಕ್ಲಾ ಗ್ರಿಪ್ (ತೋರುಬೆರಳನ್ನು ಕೊಕ್ಕೆಯಂತೆ ಮಾಡಿ ಹಿಡಿಯುವ ಬಗೆ) ಹಿಡಿದರೆ ಸರಿಹೋಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ, ಹಾಗೇ ಹಿಡಿದೆ. ಕೈಯಲ್ಲಿ ಕತ್ತಿ ಕೂರುವ ಕೋನ ಮತ್ತು ಜಾಗವನ್ನು ಬದಲಿಸುವ ಆಫ್‌ಸೆಟ್ ಸೆಟ್ಟಿಂಗ್‌ನಲ್ಲಿ ದೊಡ್ಡ ಆಟಗಾರರೊಬ್ಬರ ಸಂಖ್ಯೆಗಳನ್ನೂ ಇದ್ದಹಾಗೇ ಹಾಕಿಕೊಂಡೆ: ಎಕ್ಸ್ ತಿರುವು 25 ಡಿಗ್ರಿ, ಝೆಡ್ ಸ್ಥಾನ 6 ಸೆಂಟಿಮೀಟರ್. ಹೆಬ್ಬೆರಳ ನೋವು ಸ್ವಲ್ಪ ತಗ್ಗಿತು, ಆದರೆ ಈಗ ಮೊಣಕೈಯ ಹೊರಬದಿ ಹಿಡಿದುಕೊಳ್ಳುತ್ತಿದೆ. ಸ್ಕೋರ್ ಕುಸಿದಿದೆ. ವೇಗದ ಹಾಡುಗಳಲ್ಲಿ ಕತ್ತಿ ಒಮ್ಮೊಮ್ಮೆ ತಟಕ್ಕನೆ ಪಕ್ಕಕ್ಕೆ ಹಾರುತ್ತದೆ. ಅಂಗೈ ತಗುಲಿ ಹಾಡು ನಡುವೆಯೇ ನಿಲ್ಲುತ್ತದೆ, ಎರಡು ಸಲವಂತೂ ಕಣ್ಣೆದುರಿನ ದೃಶ್ಯವೇ ತಿರುಗಿಹೋಯಿತು. ಸರಿಯಾದ ಹಿಡಿತ ಯಾವುದು? ಬಟನ್‌ಗಳನ್ನು ಆಫ್ ಮಾಡಬಹುದೇ? ಆಡುತ್ತಾ ಹೋದರೆ ನೋವು ತಾನಾಗಿ ಪಳಗುತ್ತದೆಯೇ? ಕ್ಲಾ ಗ್ರಿಪ್‌ಗೆ ಅಡ್ಡ ಬರುತ್ತದೆಂದು ಮಣಿಕಟ್ಟಿನ ಪಟ್ಟಿಯನ್ನು ತೆಗೆದಿಟ್ಟಿದ್ದೇನೆ, ತೊಂದರೆಯೇ?”

ಉತ್ತರ: ನಿಮ್ಮ ಪತ್ರದಲ್ಲಿ ನೋವು, ಸ್ಕೋರ್, ಬಟನ್ ಎಂದು ಬೇರೆಬೇರೆ ದೂರುಗಳಿದ್ದರೂ ಅವುಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಹೊರಟಿವೆ. ಕತ್ತಿ ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆಗೆ ಕೈಯನ್ನು ಬಗ್ಗಿಸಿಕೊಂಡು ನೀವು ಆಡುತ್ತಿದ್ದೀರಿ. ಕೈ ಮತ್ತು ಮಣಿಕಟ್ಟಿನ ನೋವಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ನಾನು, ಬಿಡುವಿನಲ್ಲಿ ಇದೇ ಆಟ ಆಡುವವನೂ ಹೌದು. ಎರಡೂ ಕಡೆಯ ಅನುಭವದಿಂದ ಹೇಳುವುದಾದರೆ, ಮೊದಲು ಕೈಗೆ ಹಿತವಾದ ಭಂಗಿಯನ್ನು ಗೊತ್ತುಮಾಡಿಕೊಂಡು, ಆಮೇಲೆ ಸೆಟ್ಟಿಂಗ್‌ಗಳ ಮೂಲಕ ಕತ್ತಿಯನ್ನು ಆ ಭಂಗಿಗೆ ಹೊಂದಿಸಬೇಕು. ಆಟದಲ್ಲಿ ಕಂಟ್ರೋಲರ್ ಆಫ್‌ಸೆಟ್ ಎಂಬ ಸೌಲಭ್ಯವನ್ನು ಕೊಟ್ಟಿರುವುದೇ ಈ ಕೆಲಸಕ್ಕೆ. ಅದನ್ನು ಬಳಸುವುದು ಮೋಸ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ, ಅದರಲ್ಲಿ ಹುರುಳಿಲ್ಲ.

ನೋವಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಡುತ್ತಾ ಹೋದರೆ ಪಳಗುತ್ತದೆ ಎಂಬುದು ಮಾಂಸಖಂಡದ ದಣಿವಿನ ಮಟ್ಟಿಗೆ ನಿಜ. ಹೊಸದಾಗಿ ಆಡಲು ತೊಡಗಿದವರ ಭುಜ ಮತ್ತು ಮುಂಗೈ ಮೊದಲ ವಾರ ನೋಯುತ್ತವೆ, ಆಮೇಲೆ ಆ ನೋವು ತಾನಾಗಿ ಇಳಿಯುತ್ತದೆ. ಆದರೆ ನೀವು ವಿವರಿಸಿದ ಜಾಗದಲ್ಲಿರುವುದು ಮಾಂಸಖಂಡವಲ್ಲ, ಹೆಬ್ಬೆರಳನ್ನು ಎತ್ತುವ ಮತ್ತು ಹೊರಕ್ಕೆ ಚಾಚುವ ಎರಡು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಗಳು. ಅವೆರಡೂ ಮಣಿಕಟ್ಟಿನ ಪಕ್ಕದಲ್ಲಿ ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಹೆಬ್ಬೆರಳು ಬಿಗಿಯಾಗಿ ಒತ್ತಿಕೊಂಡಿರುವಾಗಲೇ ಮಣಿಕಟ್ಟು ಮೇಲೆ ಕೆಳಗೆ ಕೊಡಲಿಯಂತೆ ಆಡಿದರೆ, ಆ ಕೊಳವೆಯ ಗೋಡೆ ದಪ್ಪವಾಗಿ ರಜ್ಜುಗಳು ಸಲೀಸಾಗಿ ಜಾರುವುದಿಲ್ಲ. ಸ್ವಿಸ್ ಶಸ್ತ್ರಚಿಕಿತ್ಸಕ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ನನ್ನ ಬಳಿ ಈ ನೋವು ಹೊತ್ತು ಬರುವವರಲ್ಲಿ ಆಟಗಾರರಿಗಿಂತ ಹೆಚ್ಚಿನವರು ಹಸುಗೂಸನ್ನು ಕಂಕುಳಿಗೆ ಕೈ ಕೊಟ್ಟು ದಿನವಿಡೀ ಎತ್ತುವ ತಾಯಂದಿರು. ಕೈಯ ಚಲನೆ ಎರಡರಲ್ಲೂ ಅದೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಾಗಿಸಿ. ಆರೋಗ್ಯವಂತರಿಗೂ ಆಗ ಕೊಂಚ ಸೆಳೆತ ಆಗುತ್ತದೆ, ಹಾಗಾಗಿ ಎರಡೂ ಕೈಗಳಲ್ಲಿ ಮಾಡಿ ಹೋಲಿಸಿ. ನೋಯುವ ಕೈಯಲ್ಲಿ ಮಾತ್ರ ಹೆಬ್ಬೆರಳ ಬುಡದಲ್ಲಿ ಚುಚ್ಚಿದಂತೆ ಆದರೆ ನನ್ನ ಊಹೆ ಸರಿಯಿರುವ ಸಂಭವ ಹೆಚ್ಚು. ಊತ ಇದ್ದರೆ, ಹೆಬ್ಬೆರಳು ಚಲಿಸುವಾಗ ಸಿಕ್ಕಿಹಾಕಿಕೊಂಡಂತಾದರೆ, ಬೆರಳುಗಳು ಜೋಮು ಹಿಡಿದರೆ ಅಥವಾ ನೋವಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ ಸೆಟ್ಟಿಂಗ್ ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಆರಂಭದ ಹಂತದಲ್ಲಿ ಕೆಲವು ವಾರ ಹೆಬ್ಬೆರಳಿಗೆ ಆಸರೆಪಟ್ಟಿ ಹಾಕಿ ಕೆಲಸ ಕಡಿಮೆ ಮಾಡಿದರೆ ಬಹಳ ಮಂದಿಗೆ ಇಳಿಯುತ್ತದೆ. ಇಳಿಯದವರಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ.

ಇನ್ನು ಈ ಆಟ ಕೈಯಿಂದ ಏನನ್ನು ಬೇಡುತ್ತದೆ ಎಂಬುದನ್ನು ನೋಡೋಣ, ಹಿಡಿತದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಬೀಟ್ ಸೇಬರ್‌ನಲ್ಲಿ ಒಂದು ಸಾಮಾನ್ಯ ಬ್ಲಾಕ್‌ಗೆ ಗರಿಷ್ಠ 115 ಅಂಕ. ಕಡಿಯುವ ಮುನ್ನ ಕತ್ತಿ 100 ಡಿಗ್ರಿ ತಿರುಗಿ ಬಂದಿದ್ದರೆ 70, ಕಡಿದ ಮೇಲೆ ಇನ್ನೂ 60 ಡಿಗ್ರಿ ಮುಂದುವರಿದರೆ 30, ಬ್ಲಾಕಿನ ಮಧ್ಯಕ್ಕೆ ಎಷ್ಟು ಹತ್ತಿರ ಕಡಿದಿರಿ ಎಂಬುದಕ್ಕೆ ಉಳಿದ 15. ಈ ಲೆಕ್ಕದಲ್ಲಿ ಬಲಕ್ಕೆ ಜಾಗವೇ ಇಲ್ಲ. ಜೋರಾಗಿ ಬೀಸಿದರೆ ಹೆಚ್ಚು ಅಂಕ ಎಂದು ನಂಬಿ ಕಂಟ್ರೋಲರನ್ನು ಹಿಂಡಿ ಹಿಡಿಯುವವರನ್ನು ನೋಡಿದ್ದೇನೆ. ಹಿಂಡಿ ಹಿಡಿದಷ್ಟೂ ಮುಂಗೈಯ ಎರಡು ಬದಿಯ ಸ್ನಾಯುಗಳೂ ಒಮ್ಮೆಗೇ ಬಿಗಿದುಕೊಂಡು ಮಣಿಕಟ್ಟಿಗೆ ತಾವೇ ಬ್ರೇಕ್ ಹಾಕುತ್ತವೆ. ಆಟ ಕೇಳುವುದು ಕೋನವನ್ನು: ಒಟ್ಟು 160 ಡಿಗ್ರಿ, ಅದೂ ಪ್ರತಿ ಬ್ಲಾಕಿಗೆ.

ಈ 160 ಡಿಗ್ರಿ ಎಲ್ಲಿಂದ ಬರಬೇಕು? ಹೆಬ್ಬೆರಳು ಮೇಲೆ ಇರುವಂತೆ, ಸುತ್ತಿಗೆ ಹಿಡಿದ ಹಾಗೆ ಕಂಟ್ರೋಲರ್ ಹಿಡಿದಾಗ ಮಣಿಕಟ್ಟು ಮೇಲಕ್ಕೆ ಸುಮಾರು 20 ಡಿಗ್ರಿ, ಕೆಳಕ್ಕೆ ಸುಮಾರು 30 ಡಿಗ್ರಿ ಮಾತ್ರ ಬಾಗಬಲ್ಲದು. ಎರಡೂ ಸೇರಿ 50. ಬಾಕಿ 110 ಡಿಗ್ರಿಯನ್ನು ಮೊಣಕೈ ಮತ್ತು ಭುಜ ಕೊಡಬೇಕು. ವೇಗದ ಹಾಡಿನಲ್ಲಿ ಅವುಗಳಿಗೆ ಅಷ್ಟು ಸಮಯ ಸಿಗುವುದಿಲ್ಲ, ಆಗ ಮಣಿಕಟ್ಟನ್ನು ಅದರ ಕೊನೆಯ ಎಲ್ಲೆಯವರೆಗೂ ಜಗ್ಗುತ್ತೇವೆ. ನಿಮ್ಮ ಮೊದಲ ನೋವು ಹುಟ್ಟಿದ್ದು ಹೀಗೆ. ಅದೇ ಅಂಗೈಯನ್ನು ಕೆಳಮುಖವಾಗಿ ತಿರುಗಿಸಿ ಹಿಡಿದರೆ, ಮಣಿಕಟ್ಟು ಬಾಗಿಲು ಬಡಿಯುವಾಗ ಆಡುವಂತೆ ಆಡುತ್ತದೆ. ಆ ದಿಕ್ಕಿನಲ್ಲಿ ಅದಕ್ಕೆ ಸುಮಾರು 140ರಿಂದ 150 ಡಿಗ್ರಿಯಷ್ಟು ಅವಕಾಶವಿದೆ. ಕ್ಲಾ ಗ್ರಿಪ್‌ನಲ್ಲಿ ತೋರುಬೆರಳು ತಾನು ಒತ್ತುವ ಟ್ರಿಗರ್ ಬಟನ್ ಬಿಟ್ಟು ಕಂಟ್ರೋಲರಿನ ತಲೆಯ ಮೇಲೆ ಕೊಕ್ಕೆಯಂತೆ ಕೂರುತ್ತದೆ, ಹೆಬ್ಬೆರಳು ಮತ್ತು ನಡುಬೆರಳು ಹಿಡಿಯನ್ನು ತಾಳುತ್ತವೆ, ಅಂಗೈ ತಾನಾಗಿ ಕೆಳಕ್ಕೆ ವಾಲುತ್ತದೆ. ಕೋನ ಸುಲಭವಾಗಿ ಸಿಗುವುದು ಈ ಕಾರಣಕ್ಕೆ, ಕ್ಲಾ ಗ್ರಿಪ್‌ನಲ್ಲಿ ಬೇರೆ ಯಾವ ಮಾಯೆಯೂ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ನೀವು ಆಗಲೇ ತೆರುತ್ತಿದ್ದೀರಿ. ಅಂಗೈ ಕೆಳಮುಖವಾದಾಗ ಕತ್ತಿಯನ್ನು ಪ್ರತಿ ಸಲ ಮೇಲಕ್ಕೆ ತರುವ ಕೆಲಸ ಮುಂಗೈಯ ಮೇಲ್ಭಾಗದ ಸ್ನಾಯುಗಳ ಪಾಲಿಗೆ ಬರುತ್ತದೆ. ಅವು ಒಟ್ಟಾಗಿ ಅಂಟಿಕೊಂಡಿರುವುದು ಮೊಣಕೈಯ ಹೊರಬದಿಯ ಎಲುಬಿನ ಗಂಟಿಗೆ. ಟೆನಿಸ್ ಎಲ್ಬೋ ಎನ್ನುವುದು ಆ ಜಾಗದ ನೋವನ್ನೇ, ಟೆನಿಸ್ ರಾಕೆಟ್ ಮುಟ್ಟದವರಿಗೂ ಅದು ಬರುತ್ತದೆ. ನಾನೂ ಒಮ್ಮೆ ಕ್ಲಾ ಗ್ರಿಪ್ ಹಟಹಿಡಿದು ಕಲಿತೆ. ಮೂರನೆಯ ವಾರ ನೀರು ತುಂಬಿದ ಪಾತ್ರೆಯನ್ನು ಅಂಗೈ ಕೆಳಗೆ ಮಾಡಿ ಎತ್ತಲು ಹೋದಾಗ ಮೊಣಕೈಯಲ್ಲಿ ಕರೆಂಟ್ ಹೊಡೆದಂತಾಯಿತು. ರೋಗಿಗಳಿಗೆ ದಿನವೂ ಹೇಳುವ ಬುದ್ಧಿ ನನ್ನ ಕಿವಿಗೆ ಬಿದ್ದದ್ದು ಆವತ್ತು.

ಹಾಗಾದರೆ ಸರಿಯಾದ ಹಿಡಿತ ಯಾವುದು? ನಿಮ್ಮಂತೆ ಎರಡೂ ತುದಿಗಳನ್ನು ಮುಟ್ಟಿ ಬಂದವರಿಗೆ ನಡುವಿನ ದಾರಿಯನ್ನು ಹೇಳುತ್ತೇನೆ. ಕಂಟ್ರೋಲರನ್ನು ಹಿಡಿಯ ಸ್ವಲ್ಪ ಕೆಳಭಾಗದಲ್ಲಿ ಹಿಡಿಯಿರಿ. ಭಾರವನ್ನು ನಡುಬೆರಳು ಮತ್ತು ಉಂಗುರಬೆರಳು ಹೊರಲಿ. ತೋರುಬೆರಳು ಟ್ರಿಗರಿನ ಪಕ್ಕದಲ್ಲಿ ಒರಗಿರಲಿ, ಹೆಬ್ಬೆರಳು ಬಟನ್‌ಗಳ ಮೇಲಲ್ಲದೆ ಅಂಚಿನಲ್ಲಿ ಮಲಗಿರಲಿ. ಅಂಗೈ ಪೂರ್ತಿ ಒಳಮುಖವೂ ಅಲ್ಲದೆ ಪೂರ್ತಿ ಕೆಳಮುಖವೂ ಅಲ್ಲದೆ, ಮೇಜಿನ ಮೇಲಿನ ಲೋಟವನ್ನು ತೆಗೆದುಕೊಳ್ಳಲು ಹೊರಟ ಕೈಗಿಂತ ಇನ್ನೊಂದಿಷ್ಟು ಕೆಳಕ್ಕೆ ವಾಲಿರಲಿ. ಮಣಿಕಟ್ಟು ನೇರವಾಗಿರಲಿ ಅಥವಾ ಹಿಂಗೈ ಕಡೆಗೆ ತುಸು ಬಾಗಿರಲಿ, ಬೆರಳುಗಳಿಗೆ ಶಕ್ತಿ ಹೆಚ್ಚು ಸಿಗುವುದು ಆ ಭಂಗಿಯಲ್ಲೇ. ಹಿಡಿತ ಸರಿಯಿದೆಯೇ ಎಂದು ತಿಳಿಯಲು ಹಾಡಿನ ನಡುವೆ ಕಿರುಬೆರಳನ್ನು ಎತ್ತಿ ನೋಡಿ. ಎತ್ತಲಾಗದಿದ್ದರೆ ನೀವು ಹಿಂಡುತ್ತಿದ್ದೀರಿ ಎಂದರ್ಥ.

ಕ್ಲಾ ಗ್ರಿಪ್ಪನ್ನೇ ಉಳಿಸಿಕೊಳ್ಳುವ ಮನಸ್ಸಿದ್ದರೆ ಇನ್ನೊಂದು ಸಂಗತಿ ಗೊತ್ತಿರಲಿ, ಕತ್ತಿ ಹಾರುವುದಕ್ಕೆ ಅದೇ ಕಾರಣ ಇರಬಹುದು. ಕಂಟ್ರೋಲರಿನ ಜಾಗವನ್ನು ಹೆಡ್‌ಸೆಟ್ ಎರಡು ಬಗೆಯಲ್ಲಿ ತಿಳಿಯುತ್ತದೆ. ಕಂಟ್ರೋಲರಿನ ಒಳಗಿರುವ ಚಲನೆಯ ಸಂವೇದಕಗಳು ಅತಿ ವೇಗವಾಗಿ ವರದಿ ಕೊಡುತ್ತವೆ, ಆದರೆ ಕ್ಷಣಕ್ಷಣಕ್ಕೂ ಸಣ್ಣ ತಪ್ಪನ್ನು ಕೂಡಿಸಿಕೊಳ್ಳುತ್ತಾ ದಾರಿ ತಪ್ಪುತ್ತವೆ. ಕಂಟ್ರೋಲರಿನ ಮೇಲಿರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೆಡ್‌ಸೆಟ್ಟಿನ ಕ್ಯಾಮೆರಾಗಳು ನೋಡಿ ಆ ತಪ್ಪನ್ನು ತಿದ್ದುತ್ತವೆ. ಕ್ವೆಸ್ಟ್ 2ರ ಕಂಟ್ರೋಲರಿನಲ್ಲಿ ಈ ದೀಪಗಳು ದೊಡ್ಡ ಉಂಗುರದ ಸುತ್ತ ಹರಡಿದ್ದವು, ಬೆರಳೊಂದು ಅಡ್ಡ ಬಂದರೂ ಉಳಿದವು ಕಾಣುತ್ತಿದ್ದವು. 2023ರಲ್ಲಿ ಬಂದ ಕ್ವೆಸ್ಟ್ 3ರ ಕಂಟ್ರೋಲರಿಗೆ ಉಂಗುರವೇ ಇಲ್ಲ. ದೀಪಗಳು ಬಹುಪಾಲು ಅದರ ತಲೆಯ ಭಾಗದಲ್ಲಿವೆ, ಕ್ಲಾ ಗ್ರಿಪ್‌ನಲ್ಲಿ ತೋರುಬೆರಳು ಹೋಗಿ ಕೂರುವುದೂ ಅಲ್ಲೇ. ದೀಪ ಮುಚ್ಚಿಹೋದ ಆ ಗಳಿಗೆಯಲ್ಲಿ ಹೆಡ್‌ಸೆಟ್ ಅಂದಾಜಿನ ಮೇಲೆ ಕತ್ತಿಯನ್ನು ನಡೆಸುತ್ತದೆ, ದೀಪ ಮತ್ತೆ ಕಂಡಾಗ ಕತ್ತಿ ಸರಿಯಾದ ಜಾಗಕ್ಕೆ ತಟಕ್ಕನೆ ಜಿಗಿಯುತ್ತದೆ. ನೀವು ಕಂಡ ಹಾರಾಟ ಇದೇ ಎಂದು ಖಚಿತಪಡಿಸಿಕೊಳ್ಳಲು ಅದೇ ಹಾಡನ್ನು ಒಮ್ಮೆ ಸಾಧಾರಣ ಹಿಡಿತದಲ್ಲಿ ಆಡಿ. ಆಗಲೂ ಹಾರಿದರೆ ತಪ್ಪು ಕೋಣೆಯದು: ಬಿಸಿಲು, ಕನ್ನಡಿ, ಸಾಲು ಸಾಲಾದ ಅಲಂಕಾರದ ಬಲ್ಬುಗಳು ಕ್ಯಾಮೆರಾಗಳನ್ನು ದಿಕ್ಕುಗೆಡಿಸುತ್ತವೆ. ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಎಂಬ ಸೆಟ್ಟಿಂಗ್ ನಿಮ್ಮ ಮನೆಯ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್‌ಗೆ ಹೊಂದುವಂತಿದೆಯೇ ಎಂದೂ ನೋಡಿ.

ಈಗ ಆ ಎರವಲು ಸಂಖ್ಯೆಗಳ ವಿಷಯ. ಆಟದ ಕತ್ತಿ ಸುಮಾರು ಒಂದು ಮೀಟರ್ ಉದ್ದ. ಬುಡದಲ್ಲಿ ಒಂದು ಡಿಗ್ರಿ ತಿರುಗಿಸಿದರೆ ತುದಿ ಸುಮಾರು 1.7 ಸೆಂಟಿಮೀಟರ್ ಸರಿಯುತ್ತದೆ. ನೀವು ಹಾಕಿಕೊಂಡ 25 ಡಿಗ್ರಿಗೆ ತುದಿ 43 ಸೆಂಟಿಮೀಟರಿನಷ್ಟು ಸರಿದಿದೆ. ಆ ಆಟಗಾರರ ಅಂಗೈ ಅಗಲ, ಬೆರಳ ಉದ್ದ, ಕಂಟ್ರೋಲರಿನ ಮಾದರಿ, ಅವರು ಹಿಡಿಯುವ ಎತ್ತರ ಎಲ್ಲ ಸೇರಿ ಅವರಿಗೆ 25 ಎಂಬ ಉತ್ತರ ಬಂದಿದೆ. ನಿಮ್ಮ ಲೆಕ್ಕ ಬೇರೆಯಾಗಿರುವಾಗ ಉತ್ತರ ಒಂದೇ ಆಗಬೇಕೆಂದಿಲ್ಲ. ಆ ವ್ಯತ್ಯಾಸವನ್ನು ಸರಿತೂಗಿಸುತ್ತಿರುವುದು ನಿಮ್ಮ ಮಣಿಕಟ್ಟು: ಕತ್ತಿಯನ್ನು ಮುಂದಕ್ಕೆ ತೋರಿಸಲು ಅದು ಹಾಡಿನುದ್ದಕ್ಕೂ ಬಾಗಿಯೇ ನಿಂತಿದೆ. ಮೊಣಕೈ ನೋವಿನಲ್ಲಿ ಕ್ಲಾ ಗ್ರಿಪ್‌ನಷ್ಟೇ ಪಾಲು ಈ 25 ಡಿಗ್ರಿಗೂ ಇದೆಯೆಂದು ನನ್ನ ಅನಿಸಿಕೆ.

ನಿಮ್ಮ ಸಂಖ್ಯೆಯನ್ನು ಹುಡುಕಿಕೊಳ್ಳುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ. ಈಗಿರುವ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಎಲ್ಲವನ್ನೂ ಸೊನ್ನೆಗೆ ತನ್ನಿ. ಹೆಡ್‌ಸೆಟ್ ಹಾಕಿ ನಿಂತು, ಕಣ್ಣು ಮುಚ್ಚಿ, ತೋಳುಗಳನ್ನು ಇಳಿಬಿಟ್ಟು ಎರಡು ಸಲ ಉಸಿರಾಡಿ. ಮೊಣಕೈಗಳನ್ನು ಪಕ್ಕೆಯ ಹತ್ತಿರವೇ ಇಟ್ಟು, ಮುಂಗೈ ನೆಲಕ್ಕೆ ಸಮಾನಾಂತರವಾಗುವಂತೆ ಮಡಚಿ, ಮಣಿಕಟ್ಟನ್ನು ಎಲ್ಲಿಗೂ ಎಳೆಯದೆ ಬಿಡಿ. ಈಗ ಕಣ್ಣು ತೆರೆಯಿರಿ. ಕತ್ತಿಯ ತುದಿ ಎಲ್ಲಿದೆಯೋ ಅದು ನಿಮ್ಮ ಕೈ ಸುಮ್ಮನಿರುವಾಗ ತೋರಿಸುವ ದಿಕ್ಕು. ತುದಿ ಎದುರಿನ ಬ್ಲಾಕ್‌ಗಳ ನಡುಸಾಲಿನ ಎತ್ತರಕ್ಕೆ, ನೇರ ಮುಂದಕ್ಕೆ ಬರುವವರೆಗೆ ತಿರುವನ್ನು ಬದಲಿಸಿ. ಎಕ್ಸ್ ತಿರುವು ತುದಿಯನ್ನು ಮೇಲೆ ಕೆಳಗೆ ಮಾಡುತ್ತದೆ, ವೈ ತಿರುವು ಎಡಬಲಕ್ಕೆ ಸರಿಸುತ್ತದೆ. ಝೆಡ್ ತಿರುವು ಕತ್ತಿಯನ್ನು ಅದರ ಉದ್ದನೆಯ ಅಕ್ಷದಲ್ಲೇ ಉರುಳಿಸುವುದರಿಂದ ಅದನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ಸ್ಥಾನದ ಸಂಖ್ಯೆಗಳಿಗೆ ಕೈ ಹಾಕುವುದು ತಿರುವು ಗಟ್ಟಿಯಾದ ಮೇಲೆ, ಏಕೆಂದರೆ ತಿರುವು ಬದಲಾದಾಗಲೆಲ್ಲ ಸ್ಥಾನವನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಆಗಲೂ ಕತ್ತಿಯ ಹಿಡಿ ನಿಮ್ಮ ಮುಷ್ಟಿಯೊಳಗೇ ಇದೆ ಎಂದು ಕಣ್ಣಿಗೆ ಕಾಣುವಷ್ಟು ಸರಿಸಿದರೆ ಸಾಕು.

ಆಮೇಲೆ ಚೆನ್ನಾಗಿ ಬರುವ, ಮಧ್ಯಮ ವೇಗದ ಒಂದೇ ಹಾಡನ್ನು ಮೂರು ಸಲ ಆಡಿ. ಸ್ಕೋರ್ ನೋಡಬೇಡಿ, ಯಾವ ದಿಕ್ಕಿನ ಕಡಿತ ತಪ್ಪುತ್ತಿದೆ ಎಂದಷ್ಟೇ ನೋಡಿ. ಕೆಳಗಿನ ಸಾಲು ಮಾತ್ರ ತಪ್ಪುತ್ತಿದ್ದರೆ ಎಕ್ಸ್ ತಿರುವನ್ನು ಎರಡು ಮೂರು ಡಿಗ್ರಿ ತಿದ್ದಿ. ಒಂದು ವಾರದಲ್ಲಿ ಒಟ್ಟು ಐದು ಡಿಗ್ರಿಗಿಂತ ಹೆಚ್ಚು ಬದಲಿಸಬೇಡಿ. ಕೈಗೆ ಹಳೆಯ ಅಭ್ಯಾಸದ ನೆನಪು ಇರುವುದರಿಂದ ಮೊದಲ ದಿನಗಳಲ್ಲಿ ಯಾವ ಬದಲಾವಣೆಯಾದರೂ ಕೆಟ್ಟದ್ದೆಂದೇ ತೋರುತ್ತದೆ, ದಿನಕ್ಕೊಂದು ಸಂಖ್ಯೆ ಹಾಕಿದವರಿಗೆ ತಪ್ಪು ಯಾವುದರದ್ದು ಎಂದು ಎಂದೂ ಗೊತ್ತಾಗುವುದಿಲ್ಲ. ಸ್ಕೋರ್ ಇನ್ನಷ್ಟು ಬೀಳುತ್ತದೆ, ಎರಡು ಮೂರು ವಾರಗಳ ಮಟ್ಟಿಗೆ ಅದನ್ನು ಸಹಿಸಿಕೊಳ್ಳಬೇಕು.

ಬಟನ್‌ಗಳ ವಿಷಯ ಇದಕ್ಕಿಂತ ಸರಳ. ಬೀಟ್ ಸೇಬರ್‌ನಲ್ಲಿ ಟ್ರಿಗರ್ ಬೇಕಾಗುವುದು ಮೆನುವಿನಲ್ಲಿ ಮಾತ್ರ, ಹಾಡು ನಡೆಯುವಾಗ ನಿಲ್ಲಿಸುವ ಬಟನ್ ಬಿಟ್ಟು ಬೇರೆ ಯಾವುದಕ್ಕೂ ಕೆಲಸವಿಲ್ಲ. ಆ ನಿಲ್ಲಿಸುವ ಬಟನ್ ಮುಟ್ಟಿದ ಕೂಡಲೇ ಕೆಲಸ ಮಾಡಬೇಕೇ, ಒತ್ತಿ ಹಿಡಿದಾಗಷ್ಟೇ ಮಾಡಬೇಕೇ ಎಂಬ ಆಯ್ಕೆ ಆಟದ ಸೆಟ್ಟಿಂಗ್‌ಗಳಲ್ಲಿ ಇದೆ. ಒತ್ತಿ ಹಿಡಿಯುವುದನ್ನು ಆರಿಸಿಕೊಳ್ಳಿ, ನಡುವೆ ಹಾಡು ನಿಲ್ಲುವ ಕಾಟ ಹೆಚ್ಚುಕಡಿಮೆ ಮುಗಿಯುತ್ತದೆ. ದೃಶ್ಯ ತಿರುಗಿಹೋದದ್ದು ಬೇರೆ ಬಟನ್‌ನಿಂದ. ಬಲಗೈ ಕಂಟ್ರೋಲರಿನಲ್ಲಿರುವ, ಕಂಪನಿಯ ಗುರುತಿನ ಬಟನ್ ಹೆಡ್‌ಸೆಟ್ಟಿನದೇ ಹೊರತು ಆಟದ್ದಲ್ಲ. ಅದನ್ನು ಒತ್ತಿ ಹಿಡಿದರೆ ದೃಶ್ಯದ ಮಧ್ಯಭಾಗ ನೀವು ನೋಡುತ್ತಿರುವ ದಿಕ್ಕಿಗೆ ಬಂದು ನಿಲ್ಲುತ್ತದೆ, ಆಟದ ಸೆಟ್ಟಿಂಗ್‌ನಿಂದ ಇದನ್ನು ತಡೆಯಲಾಗದು. ಅದಕ್ಕೆ ಹೆಬ್ಬೆರಳನ್ನು ಅಂಚಿಗೆ ಸರಿಸುವುದು ಮೊದಲ ಉಪಾಯ. ಬಟನ್ನಿನ ಸುತ್ತ ಅದಕ್ಕಿಂತ ತುಸು ಎತ್ತರದ ಮೆತ್ತನೆಯ ರಬ್ಬರ್ ತುಂಡನ್ನು ಅಂಟಿಸುವುದು ಎರಡನೆಯದು, ಆಗ ಅಂಗೈ ತಗುಲುವುದು ರಬ್ಬರಿಗೆ. ಅಂಟು ದೀಪಗಳಿರುವ ಜಾಗವನ್ನು ಮುಚ್ಚದಂತೆ ಎಚ್ಚರ ವಹಿಸಿ. ಕಂಪ್ಯೂಟರಿಗೆ ಜೋಡಿಸಿ ಸ್ಟೀಮ್‌ವಿಆರ್ ಎಂಬ ತಂತ್ರಾಂಶದ ಮೂಲಕ ಆಡುವವರಾದರೆ ಅಲ್ಲಿನ ಕಂಟ್ರೋಲರ್ ಬೈಂಡಿಂಗ್‌ಗಳಲ್ಲಿ, ಆಟ ಬಳಸುವ ಬಟನ್‌ಗಳನ್ನು ಬೇರೆಡೆಗೆ ಸರಿಸಬಹುದು ಅಥವಾ ಖಾಲಿ ಬಿಡಬಹುದು. ಆದರೆ ಮೆನುವಿನಲ್ಲಿ ಆರಿಸಲು ಬೇಕಾದ ಟ್ರಿಗರನ್ನೂ ಖಾಲಿ ಮಾಡಿಬಿಟ್ಟು ಆಮೇಲೆ ಹೊರಬರಲಾಗದೆ ಒದ್ದಾಡಬೇಡಿ.

ಇದೇ ಹಿಡಿತವನ್ನು ಎಲ್ಲ ಆಟಗಳಿಗೂ ಒಯ್ಯಲಾಗುವುದಿಲ್ಲ. ಪಿಸ್ಟಲ್ ವಿಪ್‌ನಂಥ ಆಟದಲ್ಲಿ ತಾಳಕ್ಕೆ ಸರಿಯಾಗಿ ಟ್ರಿಗರ್ ಒತ್ತಬೇಕು, ತೋರುಬೆರಳಿಗೆ ಅಲ್ಲಿ ರಜೆಯಿಲ್ಲ.

ಬ್ಯಾಟರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮ್ಮ ಕಂಟ್ರೋಲರಿನಲ್ಲಿರುವ ಎಎ ಗಾತ್ರದ ಒಂದು ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ ತೂಗುತ್ತದೆ, ಅದೇ ಗಾತ್ರದ ಬಿಸಾಡುವ ಲಿಥಿಯಂ ಸೆಲ್ ಸುಮಾರು 15 ಗ್ರಾಂ. ಗಂಟೆಗೆ ಸಾವಿರಾರು ಸಲ ಬೀಸುವ ಕೈಗೆ ಎಂಟು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಕೈ ಗಟ್ಟಿಯಾಗಲೆಂದು ಕಂಟ್ರೋಲರಿಗೆ ತೂಕ ಕಟ್ಟಿಕೊಂಡು ಆಡುವವರಿದ್ದಾರೆ. ನೋವಿರುವ ತನಕ ಆ ಸಾಹಸ ನಿಮಗೆ ಬೇಡ.

ಆಟದ ಹೊತ್ತನ್ನೂ ಮುರಿಯಿರಿ. ಮುಂದಿನ ಎರಡು ವಾರ ಒಮ್ಮೆಗೆ 15 ನಿಮಿಷ, ದಿನ ಬಿಟ್ಟು ದಿನ, ವೇಗದ ಹಾಡುಗಳಿಲ್ಲದೆ ಆಡಿ. ಆಡಿದ ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಹಾಡುಗಳ ಸಂಖ್ಯೆಯನ್ನು ಇಳಿಸಿ, ಹೆಚ್ಚಿಲ್ಲದಿದ್ದರೆ ಐದೈದು ನಿಮಿಷ ಏರಿಸುತ್ತಾ ಹೋಗಿ. ಎರಡು ವಾರದ ನಂತರವೂ ಹೆಬ್ಬೆರಳ ಬುಡ ಹಾಗೇ ಚುಚ್ಚುತ್ತಿದ್ದರೆ ಕೈ ತೋರಿಸಲೇಬೇಕು.

ಕೊನೆಗೆ ಮಣಿಕಟ್ಟಿನ ಪಟ್ಟಿ. ಅದನ್ನು ಇವತ್ತೇ ಮತ್ತೆ ಹಾಕಿಕೊಳ್ಳಿ. ಕಂಟ್ರೋಲರ್ ಜಾರಿಹೋಗಿ ಗೋಡೆಗೋ ಎದುರಿದ್ದವರ ಮುಖಕ್ಕೋ ಬಡಿಯುವುದು ಒಂದು ಅಪಾಯ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು: ಪಟ್ಟಿ ಇಲ್ಲದಿದ್ದಾಗ, ಬಿದ್ದೀತೆಂಬ ಭಯಕ್ಕೆ ಬೆರಳುಗಳು ನಮಗೆ ಗೊತ್ತಿಲ್ಲದೆಯೇ ಬಿಗಿಯುತ್ತವೆ, ಇಷ್ಟು ಹೊತ್ತು ಹೇಳಿದ ಸಡಿಲ ಹಿಡಿತ ಸಾಧ್ಯವೇ ಆಗುವುದಿಲ್ಲ. ಪಟ್ಟಿ ಕ್ಲಾ ಗ್ರಿಪ್‌ಗೆ ಅಡ್ಡ ಬರುವುದು ಅದು ಉದ್ದವಾಗಿ ಜೋಲಾಡುತ್ತಿದ್ದಾಗ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು ಬಿಗಿದುಕೊಂಡರೆ ಅದು ಅಲ್ಲಾಡದೆ ಕೂರುತ್ತದೆ.